ದೀಪಾವಳಿ ಮುಗಿದ ಮೇಲೆ ಕಾರಂಜಾ ದಂಡೆಗೆ: ಗೆಳೆಯರ ಜೊತೆ ವರ್ಷದ ಮೊದಲ ಗಾಳ

ಮಿರಗ ಕೂಡಿತೆಂದರೆ ಹುಮನಾಬಾದ್, ಭಾಲ್ಕಿ, ಬೀದರ್ ಪೇಟೆಗಳಲ್ಲಿ ಮೀನು ಮಾರುವವರ ಸುತ್ತ ಗದ್ದಲ ಶುರು. ಮೃಗಶಿರಾ ಮಳೆ ಹೊಕ್ಕ ದಿನ ಮೀನು ತಿನ್ನಬೇಕು ಅನ್ನುವ ರೂಢಿ ಹೈದರಾಬಾದ್ ಕಡೆ ಬಲವಾಗಿದೆ, ಗಡಿಗೆ ಅಂಟಿಕೊಂಡ ನಮ್ಮ ಕಡೆಗೂ ಅದರ ಗಾಳಿ ಬೀಸಿದೆ. ತಿನ್ನುವುದಕ್ಕೆ ನನ್ನದೇನೂ ತಕರಾರಿಲ್ಲ. ಹೊಂಡದಲ್ಲಿ ಸಾಕಿದ ಮೀನು ಪೇಟೆಗೆ ಬಂದೇ ಬರುತ್ತದೆ. ಆದರೆ ಅದೇ ವಾರ ಗಾಳ ಹಿಡಿದು ಕಾರಂಜಾ ಜಲಾಶಯದ ಹಿನ್ನೀರಿಗೆ ಓಡುವವರಿಗೆ ನನ್ನದೊಂದು ಮಾತಿದೆ. ದೀಪಾವಳಿವರೆಗೆ ತಡೆಯಿರಿ. ದೀಪಾವಳಿ ಆದ ಮೇಲೆ ಬರುವ ಒಂದು ಶನಿವಾರ, ಭಾನುವಾರ ಹಿಡಿದು ಗೆಳೆಯರನ್ನು ಕೂಡಿಸಿ. ಹೇಗೆ ಹೋಗಬೇಕು, ಏನು ಒಯ್ಯಬೇಕು, ದಂಡೆಯಲ್ಲಿ ಏನು ಮಾಡಬೇಕು ಅನ್ನುವುದನ್ನು ಮುಂದೆ ಬರೆಯುತ್ತೇನೆ.

ತಡೆಯಿರಿ ಅನ್ನುವುದಕ್ಕೆ ಕಾರಣವಿದೆ. ಗೆಂಡೆ ಜಾತಿಯ ರೋಹು, ಕಾಟ್ಲಾ, ಮೃಗಾಲ್ ಮೂರೂ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಮಳೆಗಾಲದಲ್ಲಿ ಹೊಳೆಗೆ ಹೊಸ ನೀರು ಬಂದಾಗ ಹರಿವಿಗೆ ಎದುರಾಗಿ ಏರಿ ಹೋಗಿ, ದಂಡೆ ಮೀರಿ ಹರಡಿದ ತೆಳುನೀರಿನಲ್ಲಿ ಮೊಟ್ಟೆ ಬಿಡುತ್ತವೆ. ಹೊಳೆ ಬಂದು ಜಲಾಶಯಕ್ಕೆ ಕೂಡುವ ಬಾಯಲ್ಲಿ ಆಗ ಅವು ಗುಂಪುಗಟ್ಟುತ್ತವೆ. ಅಲ್ಲಿ ಹಿಡಿಯುವುದು ಬಹಳ ಸುಲಭ, ಹಾನಿಯೂ ಅಷ್ಟೇ ದೊಡ್ಡದು. ಒಂದು ಕೆಜಿ ತೂಗುವ ಹೆಣ್ಣು ರೋಹುವಿನ ಹೊಟ್ಟೆಯಲ್ಲಿ ಲಕ್ಷದ ಲೆಕ್ಕದಲ್ಲಿ ತತ್ತಿ ಇರುತ್ತವೆ. ಮರಲ್ ಮೀನಿನದು ಇನ್ನೊಂದು ಬಗೆ. ಜೊಂಡಿನ ಬುಡದಲ್ಲಿ ಕೆಂಪು ಮರಿಗಳ ಗುಂಪು ಕುದಿಯುವಂತೆ ಮೇಲೆ ಬಂದು ಹೋಗುತ್ತಿದ್ದರೆ ತಂದೆ ತಾಯಿ ಎರಡೂ ಅದರ ಕೆಳಗೇ ಕಾವಲಿರುತ್ತವೆ. ಎದುರಿಗೆ ಬಂದದ್ದಕ್ಕೆಲ್ಲ ಸಿಟ್ಟಿನಿಂದ ಬಾಯಿ ಹಾಕುತ್ತವೆ, ಗಾಳಕ್ಕೂ ಹಾಗೇ ಬೀಳುತ್ತವೆ. ಅವನ್ನು ಎತ್ತಿದ ಮೇಲೆ ಆ ಮರಿಗಳು ಉಳಿದ ಮೀನುಗಳ ಪಾಲು.

ಸರ್ಕಾರ ಮರಿ ತಂದು ಬಿಡುತ್ತದಲ್ಲ, ಮತ್ತೇನು ಚಿಂತೆ ಅನ್ನುವವರಿದ್ದಾರೆ. ಬಿಡುತ್ತದೆ, ನಿಜ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನುಗಳಿಂದ ಮರಿ ಮಾಡಿಸಿದರು. ಅಲ್ಲಿಯವರೆಗೆ ಹೆಚ್ಚಾಗಿ ಹೊಳೆಯಲ್ಲಿ ಸೋಸಿ ತಂದ ಮರಿಗಳನ್ನೇ ನಂಬಬೇಕಿತ್ತು. ಆ ದಿನವನ್ನೇ ದೇಶದಲ್ಲಿ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಇವತ್ತು ನಮ್ಮ ಜಲಾಶಯಗಳಿಗೆ ಬೀಳುವ ಮರಿ ಆ ದಾರಿಯಿಂದ ಬಂದದ್ದು. ಆದರೆ ಬೆರಳುದ್ದದ ಮರಿ ಮಳೆಗಾಲದಲ್ಲಿ ನೀರಿಗೆ ಬಿದ್ದು, ಉಳಿದು, ಬೆಳೆಯುವುದಕ್ಕೂ ಸಮಯ ಬೇಕು. ಆ ತಿಂಗಳುಗಳಲ್ಲೇ ನಾವು ದಂಡೆ ತುಂಬಾ ಕೂತರೆ ಮರಿ ಬಿಟ್ಟೂ ಪ್ರಯೋಜನವಿಲ್ಲ.

ನಮ್ಮ ಗುಂಪಿನ ಮಾಸ್ತರರ ಅಳಿಯ ಅಮೆರಿಕದ ಮಿನ್ನೆಸೋಟಾದಲ್ಲಿದ್ದಾನೆ. ಅಲ್ಲಿನ ಕೆರೆಗಳಲ್ಲಿ ವಾಲೈ ಅನ್ನುವ ಮೀನು ಬಹಳ ಪ್ರಿಯ. ಫೆಬ್ರವರಿ ಕೊನೆಗೆ ಅದರ ಬೇಟೆ ನಿಂತಿತೆಂದರೆ ಮತ್ತೆ ತೆರೆಯುವುದು ಮೇ ನಡುವಿನ ಒಂದು ಶನಿವಾರ; ಮಂಜು ಕರಗಿ ಮೀನು ಮೊಟ್ಟೆ ಇಟ್ಟು ಮುಗಿಯುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಆ ಶನಿವಾರಕ್ಕೆ ಗೆಳೆಯರ ಗುಂಪುಗಳು ವರ್ಷವಿಡೀ ದಾರಿ ಕಾಯುತ್ತವಂತೆ. ಅವನು ವಿಡಿಯೋ ಕಾಲಿನಲ್ಲಿ ತೋರಿಸಿದ ಮೇಲೆ ಮಾಸ್ತರರು ಹೇಳಿದ್ದು ಇಷ್ಟೇ: "ನಮಗೂ ಇಂಥಾದ್ದೊಂದು ದಿನ ಇರ್ಬೇಕ್ರಿ." ಅವತ್ತಿನಿಂದ ನಾವು ನಾಲ್ಕು ಜನ ಮಿರಗದಿಂದ ದೀಪಾವಳಿವರೆಗೆ ಗಾಳ ಮೇಲೆ ಕಟ್ಟಿ ಇಡುತ್ತೇವೆ.

ದೀಪಾವಳಿ ಆದ ಮೇಲೆ ಅಂದೆ, ಆದರೆ ಯಾವ ವಾರ ಅನ್ನುವುದನ್ನು ನೀರು ಹೇಳಬೇಕು. ಹಿಂಗಾರಿ ಮಳೆ ಜೋರಾಗಿದ್ದರೆ ನೀರು ರಾಡಿಯಾಗಿರುತ್ತದೆ. ಮೊಣಕಾಲುದ್ದ ನೀರಿನ ತಳ ದಂಡೆಯಿಂದಲೇ ಕಾಣುವಷ್ಟು ತಿಳಿಯಾದರೆ ಹೊರಡಬಹುದು. ನಾನು ಹೊರಡುವ ಮೊದಲು ದಂಡೆಯ ಮೀನುಗಾರ ಕಾಕಾನಿಗೆ ಫೋನ್ ಮಾಡುತ್ತೇನೆ.

"ಕಾಕಾ, ನೀರ್ ಹ್ಯಾಂಗದಾ?"

"ಇನ್ನಾ ರಾಡಿ ಅದಾ ತಮ್ಮಾ. ಎಂಟ್ ದಿನ ಬಿಟ್ ಬಾ."

ಎಂಟು ದಿನ ಅಂದರೆ ಎಂಟು ದಿನವೇ. ಹಾಗಂತ ಡಿಸೆಂಬರ್ ನಡುವಿನವರೆಗೂ ಎಳೆಯಬೇಡಿ. ಬೀದರ್ ಚಳಿ ನಿಮಗೆ ಗೊತ್ತಿರುವುದೇ. ನೀರು ತಣ್ಣಗಾದಂತೆ ರೋಹು, ಕಾಟ್ಲಾ ಮೇಯುವುದನ್ನು ಕಡಿಮೆ ಮಾಡುತ್ತವೆ. ತೊಗರಿ ಹೂ ಬಿಟ್ಟು ಹೊಲವೆಲ್ಲ ಹಳದಿಯಾಗಿರುವಾಗ ಹೋಗುವುದು ಸರಿ.

ಇನ್ನು ಅನುಮತಿ. ಜಲಾಶಯದ ಮೀನು ಯಾರಿಗೂ ಸೇರದ ಮೀನು ಅಂತ ತಿಳಿಯಬೇಡಿ. ಕೆರೆ, ಜಲಾಶಯಗಳ ಮೀನು ಹಿಡಿಯುವ ಹಕ್ಕು ಮೀನುಗಾರಿಕೆ ಇಲಾಖೆಯಿಂದ ಗುತ್ತಿಗೆಗೋ ಪರವಾನಗಿಗೋ ಹೋಗಿರುತ್ತದೆ, ಬಹಳ ಕಡೆ ಮೀನುಗಾರರ ಸಹಕಾರ ಸಂಘಗಳಿಗೆ. ತಾಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಮೊದಲು ಕೇಳಿ, ಆಮೇಲೆ ದಂಡೆಯ ಸಂಘದವರನ್ನು ಕಾಣಿ. ಎಲ್ಲಿ ಕೂಡಬಹುದು, ಎಷ್ಟು ಒಯ್ಯಬಹುದು ಅನ್ನುವುದನ್ನು ಅವರ ಬಾಯಿಂದಲೇ ಕೇಳಿಕೊಳ್ಳಿ. ಅಣೆಕಟ್ಟಿನ ಒಡ್ಡು, ಗೇಟು, ಕಾಲುವೆ ಬಾಯಿಯ ಹತ್ತಿರ ಹೋಗಲೇಬೇಡಿ. ಅವರ ಬಲೆಯ ಬೆಂಡುಗಳು ತೇಲುತ್ತಿರುವ ಕಡೆ ಗಾಳ ಎಸೆಯಬಾರದು. ಆ ಬಲೆಯೇ ಅವರ ಮನೆಯ ಒಲೆ. ಇನ್ನೊಂದು ಮಾತೂ ನೆನಪಿರಲಿ. ಬ್ಯಾಲಹಳ್ಳಿ ಹತ್ತಿರ ಕಾರಂಜಾ ಹೊಳೆಗೆ ಕಟ್ಟಿದ ಈ ನೀರಿನ ಕೆಳಗೆ ಎಷ್ಟೋ ಜನರ ಹೊಲ ಹೋಗಿವೆ. ದಂಡೆಯ ಊರಿನವರ ಎದುರು ದನಿ ತಗ್ಗಿಸಿ ಮಾತಾಡಿ, ಅವರ ಜೋಳದ ಸಾಲು ತುಳಿಯದೆ ಬದುವಿನ ಮೇಲೆ ನಡೆಯಿರಿ.

ಜೊತೆಗೆ ಎಷ್ಟು ಜನ? ನಾಲ್ಕು ಸಾಕು, ಐದಾದರೆ ದಂಡೆ ಸಂತೆಯಾಗುತ್ತದೆ. ನಮ್ಮಲ್ಲಿ ಮಾಸ್ತರರಿಗೆ ತಾಳ್ಮೆ ಹೆಚ್ಚು, ದೊಡ್ಡ ಮೀನು ಅವರ ಕೈಗೆ ಕೊಡುತ್ತೇವೆ. ವೆಲ್ಡಿಂಗ್ ಅಂಗಡಿಯ ಭಾಯ್ ಅಡುಗೆ ನೋಡಿಕೊಳ್ಳುತ್ತಾರೆ. ಗೌಡರು ಲಿಂಗವಂತರು, ಮೀನು ಬಾಯಿಗಿಡುವುದಿಲ್ಲ, ಕೈಯಿಂದಲೂ ಮುಟ್ಟುವುದಿಲ್ಲ. ಆದರೆ ಬೆಂಡು ಓದುವುದರಲ್ಲಿ, ಅಂದರೆ ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡಿನ ಅಲುಗಾಟದಿಂದ ಮೀನಿನ ಗುರುತು ಹಿಡಿಯುವುದರಲ್ಲಿ, ನಮ್ಮ ಪೈಕಿ ಅವರೇ ಮೇಲು. ಅವರಿಗೆ ಬೇರೆ ಪಾತ್ರೆ, ಬೇರೆ ಒಲೆ. ಇದನ್ನು ಹೊರಡುವ ಮೊದಲೇ ಮಾತಾಡಿ ಇಟ್ಟುಕೊಂಡರೆ ಯಾರಿಗೂ ಮುಜುಗರ ಇಲ್ಲ. ಶೆರೆ ಒಯ್ಯುವವರನ್ನು ಮಾತ್ರ ನಾವು ಕರೆಯುವುದಿಲ್ಲ. ನೀರಿನ ಬದಿಯಲ್ಲಿ ರಾತ್ರಿ ಕಳೆಯುವಾಗ ಅದಕ್ಕೆ ಜಾಗವಿಲ್ಲ.

ನಾನು ದರ್ಜಿ. ದಾರದ ವಿಷಯದಲ್ಲಿ ನಾಲ್ಕು ಮಾತು ಜಾಸ್ತಿ ಹೇಳಿದರೆ ತಾಳಿಕೊಳ್ಳಿ. ರಾಡು, ರೀಲು ದುಬಾರಿಯದೇ ಬೇಕಿಲ್ಲ. ಬಿದಿರಿನ ಕೋಲಿನಿಂದಲೂ ಒಳ್ಳೆ ಮೀನು ಬರುತ್ತದೆ. ದುಡ್ಡು ಹಾಕುವುದಿದ್ದರೆ ದಾರಕ್ಕೆ, ಗಾಳಕ್ಕೆ ಹಾಕಿ. ರೋಹು, ಕಾಟ್ಲಾಕ್ಕೆ 0.30ರಿಂದ 0.35 ಮಿಲಿಮೀಟರ್ ದಪ್ಪದ ನೈಲಾನ್ ದಾರ ಸಾಕು. ಗಾಳದ ನಂಬರು ಹೆಚ್ಚಾದಂತೆ ಗಾಳ ಸಣ್ಣದು: ರೋಹುವಿಗೆ 6 ಅಥವಾ 8, ಜಿಲೇಬಿ (ತಿಲಾಪಿಯಾ) ಮೀನಿಗೆ 12. ಹೋದ ವರ್ಷದ ದಾರವನ್ನು ಮೊದಲು ಉಗುರಿನ ನಡುವೆ ಎಳೆದು ನೋಡಿ. ಎಲ್ಲಾದರೂ ಉಗುರಿಗೆ ತರಿತರಿ ಸಿಕ್ಕರೆ ಅಲ್ಲಿಯವರೆಗೂ ಕತ್ತರಿಸಿ ತೆಗೆಯಿರಿ.

ಗಂಟು ಹೀಗೆ. ದಾರದ ತುದಿಯನ್ನು ಗಾಳದ ಕಣ್ಣಿನೊಳಗೆ ತೂರಿಸಿ ಒಂದು ಗೇಣು ಹೊರಗೆ ಎಳೆಯಿರಿ. ಆ ತುದಿಯನ್ನು ಉದ್ದ ದಾರದ ಸುತ್ತ ಐದು ಸುತ್ತು ಹೊಸೆಯಿರಿ. ಈಗ ಕಣ್ಣಿನ ಹತ್ತಿರ, ಮೊದಲ ಸುತ್ತಿನ ಕೆಳಗೆ ಒಂದು ಚಿಕ್ಕ ಕುಣಿಕೆ ಕಾಣುತ್ತದೆ. ತುದಿಯನ್ನು ಅದರೊಳಗಿಂದ ತೆಗೆಯಿರಿ. ಎಳೆಯುವ ಮೊದಲು ಗಂಟನ್ನು ಬಾಯಲ್ಲಿಟ್ಟು ಒದ್ದೆ ಮಾಡಿ. ಒಣ ನೈಲಾನ್ ಉಜ್ಜಿದರೆ ಬಿಸಿಯಾಗುತ್ತದೆ, ಬಿಸಿಯಾದ ಕಡೆ ಸುಕ್ಕಾಗಿ ಬಲ ಕಳೆದುಕೊಳ್ಳುತ್ತದೆ, ಮೀನು ಎಳೆದಾಗ ಅಲ್ಲೇ ಹರಿಯುತ್ತದೆ. ಒದ್ದೆ ಮಾಡಿ, ನಿಧಾನಕ್ಕೆ ಒಂದೇ ಸಮ ಎಳೆದು, ಸುತ್ತುಗಳು ಒಂದರ ಮೇಲೊಂದು ಏರದೆ ಸಾಲಾಗಿ ಕೂತಿವೆಯೇ ನೋಡಿ. ಏರಿದ್ದರೆ ಕತ್ತರಿಸಿ ಮತ್ತೆ ಹಾಕಿ. ಉಳಿದ ತುದಿಯನ್ನು ಗೋಧಿ ಕಾಳಿನಷ್ಟು ಬಿಟ್ಟು ಕತ್ತರಿಸಿ.

ಬೆಂಡು ಅಂಗಡಿಯದ್ದೂ ಆಗುತ್ತದೆ. ನಾನು ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದು ಒಳಗಿನ ಬೆಂಡನ್ನೇ ಬಳಸುತ್ತೇನೆ, ಬೆರಳುದ್ದ ಇದ್ದರೆ ಸಾಕು. ಮೇಣ ಸವರಿದರೆ ನೀರು ಹೀರುವುದಿಲ್ಲ. ತುದಿಗೆ ಕೆಂಪು ಬಣ್ಣ ಹಚ್ಚಿದರೆ ಮುಸ್ಸಂಜೆಯಲ್ಲೂ ಕಾಣುತ್ತದೆ. ಬೆಂಡಿನ ಕೆಳಗೆ ಸೀಸದ ಗುಂಡು ಹಾಕುವಾಗ ಕೆಂಪು ತುದಿ ಮಾತ್ರ ನೀರಿನ ಮೇಲೆ ಉಳಿಯುವಷ್ಟು ಭಾರ ಮಾಡಿ. ಬೆಂಡು ಹಗುರಾಗಿ ಮೇಲೆ ಕುಣಿಯುತ್ತಿದ್ದರೆ ಮೀನಿಗೆ ಅದರ ಎಳೆತ ತಿಳಿದು ಉಗುಳಿಬಿಡುತ್ತದೆ.

ಚಾರಾ, ಅಂದರೆ ಗಾಳಕ್ಕೆ ಸಿಕ್ಕಿಸುವ ತಿನಿಸು, ಮಾಡುವುದು ಶುಕ್ರವಾರ ರಾತ್ರಿಯ ಕೆಲಸ. ಎರಡು ಪಾಲು ಗೋಧಿ ಹಿಟ್ಟು, ಒಂದು ಪಾಲು ದನಕ್ಕೆ ಹಾಕುವ ಶೇಂಗಾ ಹಿಂಡಿ. ಹಿಂಡಿಯನ್ನು ಕುಟ್ಟಿ, ಜರಡಿ ಹಿಡಿದು, ಒಣ ಹಂಚಿನ ಮೇಲೆ ವಾಸನೆ ಏಳುವವರೆಗೆ ಹುರಿಯಿರಿ. ಅಂಗೈಯಷ್ಟು ಬೆಲ್ಲ ಕರಗಿಸಿದ ನೀರು, ಚಿಟಿಕೆ ಇಂಗು, ಒಂದು ಚಮಚ ಬಡೇಸೋಪಿನ ಪುಡಿ. ರೊಟ್ಟಿಗಿಂತ ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬೆಳಿಗ್ಗೆ ಬೋರಂಗಾಯಿಯಷ್ಟು ಉಂಡೆ ಮಾಡಿ ಒಂದು ಗ್ಲಾಸ್ ನೀರಿಗೆ ಬಿಟ್ಟು ನೋಡಿ. ಹತ್ತು ನಿಮಿಷ ಉಂಡೆ ಒಡೆಯಬಾರದು, ಆದರೆ ಅಂಚಿನಿಂದ ಪುಡಿ ಪುಡಿಯಾಗಿ ಬಿಡುತ್ತಿರಬೇಕು. ಒಡೆದರೆ ಇನ್ನಷ್ಟು ಹಿಟ್ಟು, ಕಲ್ಲಿನಂತೆ ಕೂತರೆ ಇನ್ನಷ್ಟು ಹಿಂಡಿ. ಇದು ರೋಹು, ಮೃಗಾಲ್ ಇಬ್ಬರಿಗೂ ಹಿಡಿಸುತ್ತದೆ. ತಳದಲ್ಲಿ ಮಣ್ಣು ಕೆದಕಿ ತಿನ್ನುವ ಸಾಮಾನ್ಯ ಗೆಂಡೆಗೆ ಬೇಯಿಸಿದ ಗೋವಿನಜೋಳದ ಕಾಳು ಸಾಕು. ಎರೆಹುಳು ಎಲ್ಲದಕ್ಕೂ ಆಗುತ್ತದೆ, ಆದರೆ ಜಿಲೇಬಿಗಳು ಮೊದಲು ಬಂದು ಕಿತ್ತು ತಿಂದು ಹೋಗುತ್ತವೆ. ಬೇರೆ ಕಡೆಯಿಂದ ತಂದ ಜೀವಂತ ಸಣ್ಣ ಮೀನನ್ನು ಗಾಳಕ್ಕೆ ಹಾಕಬೇಡಿ. ಉಳಿದದ್ದನ್ನು ನೀರಿಗೆ ಸುರಿದರೆ ಬೇಡದ ಜಾತಿಯೊಂದು ಜಲಾಶಯ ಸೇರುತ್ತದೆ.

ಶನಿವಾರ ಬೆಳಕು ಹರಿಯುವ ಮೊದಲು ದಂಡೆಯಲ್ಲಿರಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಬೀಸಿ ಬಂದು ಬಡಿಯುವ ದಂಡೆಯಲ್ಲಿ ಕೂಡಿ. ಮುಖಕ್ಕೆ ಚಳಿಗಾಳಿ ಹೊಡೆಯುತ್ತದೆ, ಎಸೆಯುವುದೂ ಕಷ್ಟ, ಆದರೆ ಮೀನಿನ ಸಣ್ಣ ಆಹಾರವೆಲ್ಲ ತೇಲಿ ಅದೇ ಕಡೆ ಸೇರುತ್ತದೆ. ಮೊದಲು ಬರಿ ಸೀಸದ ಗುಂಡು ಕಟ್ಟಿ ಎಸೆದು ಆಳ ಅಳೆಯಿರಿ. ಹಳೆಯ ಹೊಲದ ಬದುವೋ, ಹಳ್ಳದ ಅಂಚೋ ಸಿಕ್ಕಿ ಆಳ ತಟ್ಟನೆ ಇಳಿಯುವ ಜಾಗ ಹುಡುಕಿ; ಮೀನು ಆ ಅಂಚಿನ ಗುಂಟ ತಿರುಗಾಡುತ್ತವೆ. ತೌಡು, ಹಿಂಡಿ, ದಂಡೆಯ ಮಣ್ಣು ಕಲಸಿ ಕಿತ್ತಳೆ ಗಾತ್ರದ ನಾಲ್ಕೈದು ಉಂಡೆ ಅಲ್ಲಿಗೆ ಎಸೆದು ಅರ್ಧ ಗಂಟೆ ಸುಮ್ಮನಿರಿ. ಚಹಾಕ್ಕೆ ಅದೇ ಹೊತ್ತು. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ನಾಲ್ಕು ಜನ ನಾಲ್ಕು ಆಳಕ್ಕೆ ಬೆಂಡು ಕಟ್ಟಿಕೊಂಡರೆ ಅವತ್ತು ಮೀನು ಎಲ್ಲಿವೆ ಅನ್ನುವುದು ಬೇಗ ತಿಳಿಯುತ್ತದೆ. ಒಬ್ಬನೇ ಹೋದವನಿಗಿಂತ ಗುಂಪಿಗೆ ಇರುವ ಅನುಕೂಲ ಇದು.

ಬೆಂಡು ಓದುವುದನ್ನು ನಾನು ಗೌಡರಿಂದ ಕಲಿತೆ. ಬೆಂಡು ಟಿಕ್ ಟಿಕ್ ಎಂದು ಅಲ್ಲೇ ನಡುಗುತ್ತಿದ್ದರೆ ಜಿಲೇಬಿಯೋ ಮರಿಮೀನೋ ಕಿತ್ತು ತಿನ್ನುತ್ತಿದೆ, ಎಳೆಯಬೇಡಿ. ಒಂದೆರಡು ಸಲ ಮುಳುಗೆದ್ದು ಆಮೇಲೆ ಓರೆಯಾಗಿ ಒಂದೇ ಕಡೆ ಸರಿಯುತ್ತ ಕೆಳಗಿಳಿದರೆ ರೋಹು. ಬೆಂಡು ಪೂರ್ತಿ ಕಾಣದಾದ ಮೇಲೆ ಎಳೆಯಿರಿ. ಎಲ್ಲರೂ ತಪ್ಪಿಸಿಕೊಳ್ಳುವುದು ಇನ್ನೊಂದು ಗುರುತನ್ನು. ನೆಟ್ಟಗೆ ನಿಂತ ಬೆಂಡು ಮುಳುಗುವ ಬದಲು ಮೇಲೆದ್ದು ನೀರಿನ ಮೇಲೆ ಅಡ್ಡ ಮಲಗುತ್ತದೆ. ಗಾಳಿಗೆ ಬಿತ್ತು ಅಂದುಕೊಂಡು ಸುಮ್ಮನಿರುತ್ತಾರೆ. ತಳದಲ್ಲಿದ್ದ ಚಾರಾವನ್ನು ಗೆಂಡೆ ಬಾಯಲ್ಲಿ ಎತ್ತಿದಾಗ ಸೀಸದ ಭಾರವೂ ಮೇಲೆದ್ದು ಬೆಂಡು ಹಗುರಾಗುತ್ತದೆ, ಅದಕ್ಕೇ ಮಲಗುವುದು. ಗೌಡರು ಅದನ್ನು ಕಂಡ ಕೂಡಲೇ ಪಿಸುಗುಡುತ್ತಾರೆ: "ಮಾಸ್ತರ್ರ, ಮಲಗ್ತು ನೋಡ್ರಿ, ಎಳೀರಿ ಈಗ!" ಎಳೆಯುವುದು ಎಂದರೆ ಮಣಿಕಟ್ಟಿನಿಂದ ಒಂದು ಚಿಕ್ಕ ಜಗ್ಗು, ಅಷ್ಟೇ. ಭುಜ ತಿರುಗಿಸಿ ಎಳೆದರೆ ಬಾಯಿ ಹರಿದು ಮೀನು ಹೋಗುತ್ತದೆ.

ದೊಡ್ಡದು ಬಿದ್ದಾಗ ಉಳಿದವರು ತಮ್ಮ ದಾರ ಹೊರಗೆ ತೆಗೆಯಬೇಕು, ಇದು ನಮ್ಮಲ್ಲಿ ಖಾಯಂ ನಿಯಮ. ರೀಲಿನ ಬಿಗಿಯನ್ನು ದಾರ ತಡೆಯುವ ಭಾರದ ಮೂರನೇ ಒಂದು ಪಾಲಿಗೆ ಮೊದಲೇ ಇಟ್ಟಿರಿ. ಮೀನು ಓಡುವಾಗ ಓಡಲು ಬಿಡಿ, ನಿಂತಾಗ ಸುತ್ತಿ. ಕೈಬಲೆಯನ್ನು ನೀರಿನೊಳಗೆ ಮುಳುಗಿಸಿ ಹಿಡಿದು, ಮೀನನ್ನು ಅದರ ಮೇಲೆ ತನ್ನಿ; ಬಲೆ ಹಿಡಿದು ಮೀನಿನ ಹಿಂದೆ ಓಡಬೇಡಿ. ಅರ್ಧ ಕೆಜಿಯೊಳಗಿನ ರೋಹು, ಕಾಟ್ಲಾ, ಮೃಗಾಲ್ ಇನ್ನೂ ಒಮ್ಮೆಯೂ ಮೊಟ್ಟೆ ಇಡದ ಮೀನು, ನಾವು ವಾಪಸ್ ಬಿಡುತ್ತೇವೆ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಆಮೇಲೆ ಮೀನಿಗೆ ಬೂಸಲು ರೋಗ ಹತ್ತುತ್ತದೆ. ನೀರಿನಲ್ಲಿ ನೆಟ್ಟಗೆ ಹಿಡಿದಿದ್ದು, ತಾನಾಗಿ ಬಾಲ ಬೀಸಿ ಹೋಗುವವರೆಗೆ ಕಾಯಿರಿ. ಮೀಸೆ ಇರುವ ಮೀನು ಬಂದರೆ ಹುಷಾರು: ಚೇಳು ಮೀನಿನ ಪಕ್ಕದ ಮುಳ್ಳಿಗೆ ವಿಷವಿದೆ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಕೈ ಅದ್ದಿಟ್ಟರೆ ಉರಿ ಇಳಿಯುತ್ತದೆ, ಆಮೇಲೆ ಡಾಕ್ಟರಿಗೆ ತೋರಿಸಿ.

ನೀರಿಗೆ ಇಳಿಯಬೇಡಿ. ಈಜು ಬಂದರೂ ಬೇಡ. ಮುಳುಗಡೆ ಹೊಲಗಳಲ್ಲಿ ಹಳೆ ಬಾವಿಗಳಿರುತ್ತವೆ, ಮೇಲಿನಿಂದ ಕಾಣುವುದಿಲ್ಲ. ನೀರು ಸರಿದ ಅಂಚಿನ ಎರಿ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಕೆಳಗೆ ತೊಡೆಮಟ್ಟದ ಕೆಸರಿರಬಹುದು. ಕೋಲು ಊರಿ ನೋಡಿ ಹೆಜ್ಜೆ ಇಡಿ. ವಿದ್ಯುತ್ ತಂತಿಯ ಕೆಳಗೆ ಉದ್ದ ರಾಡು ಎತ್ತಬೇಡಿ, ಗುಡುಗು ಕೇಳಿದರೆ ರಾಡು ಕೆಳಗಿಟ್ಟು ಗಾಡಿಯೊಳಗೆ ಕೂಡಿ. ಸಂಜೆ ಬದುವಿನ ಮೇಲೆ ಬರಿಗಾಲಲ್ಲಿ ತಿರುಗಾಡಬೇಡಿ, ಕೊಳಕುಮಂಡಲ ಹಾವು ಓಡಾಡುವ ಹೊತ್ತು ಅದು. ಕಚ್ಚಿದರೆ ಮಂತ್ರ, ಬೇರು ಅಂತ ಹೊತ್ತು ಕಳೆಯದೆ, ಕೊಯ್ಯದೆ, ಬಿಗಿಯಾಗಿ ಕಟ್ಟದೆ ನೇರ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ತುಂಡಾದ ನೈಲಾನ್ ದಾರವನ್ನು ಒಂದು ಗೇಣೂ ಬಿಡದೆ ಡಬ್ಬಿಯಲ್ಲಿ ಹಾಕಿಕೊಳ್ಳಿ. ಚಳಿಗಾಲಕ್ಕೆ ದೂರದಿಂದ ಬರುವ ಬಾತುಗಳು, ನಮ್ಮ ಬೆಳ್ಳಕ್ಕಿ, ನೀರುಕಾಗೆಗಳ ಕಾಲಿಗೆ ಅದು ಸುತ್ತಿಕೊಂಡರೆ ಬಿಡಿಸುವವರಿಲ್ಲ.

ಭಾಯ್ ಬಿಟ್ಟು ನಾವು ಮೂವರೂ ಶನಿವಾರ ಹನುಮಪ್ಪನ ವಾರ ಹಿಡಿಯುತ್ತೇವೆ, ಹಾಗಾಗಿ ಅವತ್ತಿನ ಊಟ ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಮೊಸರು. ರಾತ್ರಿ ದಂಡೆಯಲ್ಲಿ ಮಲಗುವ ಬದಲು ಹತ್ತಿರದ ಹೊಲದ ಮನೆ ಕೇಳಿಕೊಳ್ಳಿ. ಇಬ್ಬನಿ ಚಳಿ ಎಲುಬಿಗೆ ಇಳಿಯುತ್ತದೆ. ಶನಿವಾರದ ಮೀನನ್ನು ಅಲ್ಲೇ ಹೊಟ್ಟೆ ಸೀಳಿ, ಕಿವಿರು ತೆಗೆದು, ಮೀನಿನಷ್ಟೇ ತೂಕದ ಐಸ್ ಹಾಕಿ ಥರ್ಮೋಕೋಲ್ ಡಬ್ಬಿಯಲ್ಲಿಡಿ. ಕರಗಿದ ನೀರು ಹೊರಗೆ ಹೋಗಲು ಕೆಳಗೊಂದು ತೂತು ಬೇಕು.

ಸೀಳುವಾಗ ಹಸಿರು ಪಿತ್ತದ ಚೀಲ ಒಡೆಯದಂತೆ ನೋಡಿ, ಒಡೆದರೆ ಮಾಂಸವೆಲ್ಲ ಕಹಿ. ಸಕ್ಕರೆ ಕಾಯಿಲೆಗೆ, ದಮ್ಮಿಗೆ ಔಷಧ ಅಂತ ಕೆಲವರು ರೋಹು, ಕಾಟ್ಲಾದ ಪಿತ್ತವನ್ನು ಹಸಿಯಾಗಿ ನುಂಗುತ್ತಾರೆ. ದಯವಿಟ್ಟು ಯಾರಿಗೂ ಬಿಡಬೇಡಿ. ಗೆಂಡೆ ಜಾತಿಯ ಮೀನುಗಳ ಪಿತ್ತ ಮೂತ್ರಪಿಂಡವನ್ನೇ ಕೆಡಿಸುವ ವಿಷ, ಬೇಯಿಸಿದರೂ ಹೋಗುವುದಿಲ್ಲ. ಜನ ಡಯಾಲಿಸಿಸ್‌ವರೆಗೆ ಹೋಗಿದ್ದಾರೆ, ಸತ್ತದ್ದೂ ಇದೆ. ಚೀಲ ತೆಗೆದು ಮಣ್ಣಿನಲ್ಲಿ ಹೂತುಬಿಡಿ.

ಭಾನುವಾರ ಬೆಳಗಿನ ಗಾಳ ಒಂಬತ್ತೂವರೆಗೆ ನಿಲ್ಲಿಸಿ, ಬಿಸಿಲೇರಿದ ಮೇಲೆ ಮೀನು ಆಳಕ್ಕೆ ಇಳಿಯುತ್ತವೆ. ಆಗ ಭಾಯ್ ಒಲೆ ಹೂಡುತ್ತಾರೆ. ಅವರ ಕ್ರಮ ಹೀಗಿದೆ: ತುಂಡುಗಳಿಗೆ ಉಪ್ಪು, ಅರಿಶಿಣ ಹಚ್ಚಿ ಇಡುವುದು. ಶೇಂಗಾ, ಎಳ್ಳು, ಒಣ ಕೊಬ್ಬರಿ ಬೇರೆ ಬೇರೆ ಹುರಿದು, ಬೆಳ್ಳುಳ್ಳಿ ಸೇರಿಸಿ ಅರೆದ ಮಸಾಲೆ ಮನೆಯಿಂದಲೇ ಬಂದಿರುತ್ತದೆ. ಎಣ್ಣೆ ಕಾದ ಮೇಲೆ ಎರಡೇ ಎರಡು ಚಿಟಿಕೆ ಮೆಂತ್ಯ, ಉಳ್ಳಾಗಡ್ಡಿ, ಖಾರದ ಪುಡಿ, ಆಮೇಲೆ ಮಸಾಲೆ, ಹುಣಸೆ ರಸ. ಅದು ಕುದ್ದು ಎಣ್ಣೆ ಅಂಚಿಗೆ ಬಿಟ್ಟ ಮೇಲೆಯೇ ಮೀನು ಹಾಕಬೇಕು. ಸೌಟು ಆಡಿಸುವಂತಿಲ್ಲ, ಪಾತ್ರೆಯ ಎರಡು ಕಿವಿ ಹಿಡಿದು ತಿರುಗಿಸಬೇಕು. ಹತ್ತು ನಿಮಿಷಕ್ಕೆ ಇಳಿಸಿ ಮುಚ್ಚಿಡುತ್ತಾರೆ. ಅಷ್ಟರಲ್ಲಿ ಒಂದು ಡಬ್ಬಿ ಸಾರು, ನಾಲ್ಕು ರೊಟ್ಟಿ ಕಾಕಾನ ಮನೆಗೆ ಹೋಗಿರುತ್ತದೆ, ಗೌಡರ ಬದನೆಕಾಯಿಯೂ ಆ ಕಡೆ ಒಲೆಯ ಮೇಲೆ ಬೆಂದಿರುತ್ತದೆ. ಊಟ ಮುಗಿಸಿ ಬಿಸಿಲು ಇಳಿಯುವ ಮೊದಲೇ ಗಾಡಿ ಹತ್ತಿ. ಸೋಮವಾರ ಮಾಸ್ತರರಿಗೆ ಶಾಲೆ, ನನಗೆ ಲಗ್ನದ ಸೀಸನ್ನಿನ ಬಟ್ಟೆ.